ಎಡಬದಿ, ಬಲಬದಿ

ಆಫ್ರಿಕಾದಲ್ಲಿ ಒಂದು ತಿಂಗಳು ಸ್ವಯಂಸೇವೆ ಮಾಡಿ ಬಂದವರ ಫೋನು ತೆರೆದರೆ ಕಾಣುವುದೆಲ್ಲ ಮುಖಗಳೇ. ಆಕಳಿಸುವ ಸಿಂಹ, ಕ್ಯಾಮೆರಾವನ್ನೇ ದಿಟ್ಟಿಸುವ ಚೀತಾ, ಸಂಜೆ ಬಿಸಿಲಿಗೆ ಮಿನುಗುವ ಜಿರಾಫೆಯ ರೆಪ್ಪೆ. ಮಂಗಳೂರಿನ ಮನೆಯಲ್ಲಿ ತೋರಿಸಿದರೆ "ಎಂಥ ಚಂದ ಮಾರಾಯ್ರೆ" ಅಂತಾರೆ. ಚಂದವೇ, ಸುಳ್ಳಲ್ಲ. ಆದರೆ ಅವರನ್ನು ಕರೆಸಿಕೊಂಡ ಸಂಶೋಧನಾ ಶಿಬಿರದಲ್ಲಿ ಕಂಪ್ಯೂಟರ್ ಮುಂದೆ ಕೂತು ಪ್ರಾಣಿಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವವರಿಗೆ ಆ ಮುಖಗಳಲ್ಲಿ ಹೆಚ್ಚಿನವು ಯಾವ ಉಪಯೋಗಕ್ಕೂ ಬರುವುದಿಲ್ಲ. ಅವರಿಗೆ ಬೇಕಾದ್ದು ಪಕ್ಕೆ. ಅದೂ ಎರಡೂ ಪಕ್ಕೆ.

ಕಾರಣ ಸರಳ. ಚೀತಾದ ಮೈಮೇಲಿನ ಚುಕ್ಕೆ, ಜೀಬ್ರಾದ ಪಟ್ಟೆ, ಹುಲಿಯ ಪಟ್ಟೆ ಇವೆಲ್ಲ ನಮ್ಮ ಹೆಬ್ಬೆರಳ ಗುರುತಿನಂತೆ, ಒಂದರದ್ದು ಇನ್ನೊಂದಕ್ಕಿಲ್ಲ. ಒಂದೇ ಪ್ರಾಣಿಯ ಎಡಬದಿಗೂ ಬಲಬದಿಗೂ ಹೋಲಿಕೆ ಇಲ್ಲ. ಸೋಮವಾರ ಎಡಬದಿ ಮಾತ್ರ ಸಿಕ್ಕಿ, ಗುರುವಾರ ಬಲಬದಿ ಮಾತ್ರ ಸಿಕ್ಕಿದರೆ, ಎರಡೂ ಒಟ್ಟಿಗೆ ಕಾಣುವ ದಿನ ಬರುವವರೆಗೆ ಅದು ಒಂದೇ ಪ್ರಾಣಿ ಎಂದು ಹೇಳುವವರು ಯಾರೂ ಇಲ್ಲ.

ಪಟ್ಟೆ ನೋಡಿ ಗುರುತಿಸಿ, ಅದರಿಂದ ಲೆಕ್ಕ ಹಾಕುವ ಈ ಕೆಲಸ ನಮ್ಮ ಊರಿಗೆ ಅಪರಿಚಿತ ಅಲ್ಲ. ನಾಗರಹೊಳೆಯಲ್ಲಿ 1990ರ ದಶಕದ ಆರಂಭದಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದಾಗ ತಾನೇ ಚಿತ್ರ ತೆಗೆಯುವ ಪೆಟ್ಟಿಗೆ) ಇಟ್ಟು ಹುಲಿಗಳನ್ನು ಪಟ್ಟೆಯಿಂದ ಬೇರೆ ಬೇರೆ ಮಾಡಿ ಎಣಿಸಿದ ಉಲ್ಲಾಸ ಕಾರಂತರು ಪುತ್ತೂರಿನವರು, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಅದರ ಹಿಂದಿನ ಗಣಿತವನ್ನು ಕೆರೆಯ ಮೀನಿನ ಲೆಕ್ಕದಲ್ಲಿ ಹೇಳಬಹುದು. ಕೆರೆಯಿಂದ 50 ಮೀನು ಹಿಡಿದು, ಗುರುತು ಹಾಕಿ, ಬಿಡಿ. ವಾರ ಕಳೆದು ಮತ್ತೆ 50 ಹಿಡಿದಾಗ ಅದರಲ್ಲಿ 10ಕ್ಕೆ ಗುರುತು ಇದ್ದರೆ, ಕೆರೆಯಲ್ಲಿ ಹತ್ತಿರ ಹತ್ತಿರ 250 ಮೀನು ಉಂಟು ಎಂದರ್ಥ. ಕಾಡಿನಲ್ಲಿ ಗುರುತು ನಾವು ಹಾಕಬೇಕಾಗಿಲ್ಲ, ಹುಟ್ಟುವಾಗಲೇ ಬಂದಿರುತ್ತದೆ. ಈಗ ಆ 10ರಲ್ಲಿ 5 ಚಿತ್ರ ಮಸುಕಾಗಿ, ಹಳೆಯ ಪ್ರಾಣಿಯನ್ನು ಹೊಸದೆಂದು ಬರೆದುಕೊಂಡರು ಅನ್ನಿ. ಲೆಕ್ಕ 250ರಿಂದ 500ಕ್ಕೆ ಜಿಗಿಯುತ್ತದೆ. ಅಂದರೆ ಅರೆಬರೆ ಚಿತ್ರ ಬರೀ ದಂಡ ಅಲ್ಲ, ಕಾಡಿನಲ್ಲಿ ಇಲ್ಲದ ಪ್ರಾಣಿಯನ್ನು ಹುಟ್ಟಿಸುತ್ತದೆ. ಎಚ್ಚರದ ಶಿಬಿರಗಳು ಮಸುಕು ಚಿತ್ರವನ್ನು ಲೆಕ್ಕದಿಂದಲೇ ತೆಗೆದು ಬದಿಗಿಡುವುದು ಅದಕ್ಕೇ.

ಯಾವ ಪ್ರಾಣಿಯಲ್ಲಿ ಏನು ನೋಡಬೇಕು ಎಂಬುದು ಬೇರೆ ಬೇರೆ. ಆನೆಗೆ ಕಿವಿಯ ಅಂಚು: ಹರಿದದ್ದು, ತೂತು ಬಿದ್ದದ್ದು, ಜೊತೆಗೆ ದಂತದ ಬಾಗು. ತಾಂಜಾನಿಯಾದ ಮನ್ಯಾರಾದಲ್ಲಿ 1960ರ ದಶಕದಲ್ಲಿ ಆನೆ ಸಂಶೋಧಕ ಇಯಾನ್ ಡಗ್ಲಸ್-ಹ್ಯಾಮಿಲ್ಟನ್ ಆನೆಗಳನ್ನು ಒಂದೊಂದಾಗಿ ಗುರುತಿಟ್ಟದ್ದು ಹೀಗೆಯೇ. ಸಿಂಹಕ್ಕೆ ಮೀಸೆ ಹುಟ್ಟುವ ಜಾಗದ ಮೇಲಿನ ಸಾಲಿನ ಚುಕ್ಕೆಗಳು, ಆದ್ದರಿಂದ ಅದರ ಮುಖ ಬೇಕು, ಆದರೆ ಎದುರಿನಿಂದಲ್ಲ, ಪೂರಾ ಬದಿಯಿಂದ. ಗೊರಿಲ್ಲಾಕ್ಕೆ ಮೂಗಿನ ಮೇಲಿನ ಸುಕ್ಕು. ವೇಲ್ ಶಾರ್ಕಿಗೆ ಕಿವಿರಿನ ಹಿಂದಿನ ಬಿಳಿ ಚುಕ್ಕೆಗಳು. ಅವನ್ನು ಹೊಂದಿಸುವ ತಂತ್ರಾಂಶವನ್ನು ಆಕಾಶದ ನಕ್ಷತ್ರಗಳ ಚಿತ್ರ ಹೊಂದಿಸುವ ಲೆಕ್ಕದಿಂದ ಎರವಲು ತಂದದ್ದು. ಕೆನ್ಯಾದಲ್ಲಿ ಗ್ರೇವಿ ಜಾತಿಯ ಜೀಬ್ರಾಗಳನ್ನು ಎಣಿಸಲು 2016ರ ಜನವರಿಯಲ್ಲಿ ಎರಡು ದಿನ ನೂರಾರು ಜನ ಕ್ಯಾಮೆರಾ ಹಿಡಿದು ಹೊರಟಾಗ ಎಲ್ಲರಿಗೂ ಕೊಟ್ಟ ಸೂಚನೆ ಒಂದೇ, ಬಲಬದಿ ತೆಗೆಯಿರಿ. ಎಲ್ಲರೂ ಒಂದೇ ಬದಿ ತೆಗೆದರೆ ಗೊಂದಲಕ್ಕೆ ಜಾಗವೇ ಇಲ್ಲ. ಶಿಬಿರಕ್ಕೆ ಕಾಲಿಟ್ಟ ದಿನವೇ ಕೇಳಬೇಕಾದ ಪ್ರಶ್ನೆ ಇದು: ಇಲ್ಲಿ ಯಾವ ಬದಿ?

ಒಂದು ಚೀತಾ ಜೀಪಿನ ಮುಂದೆ ಎಡದಿಂದ ಬಲಕ್ಕೆ ದಾಟುವುದಕ್ಕೆ ಎಂಟು ಹತ್ತು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಆಗಬೇಕಾದ್ದನ್ನು ಹತ್ತಿರದಿಂದ ನೋಡುವ. ಎಂಜಿನ್ ಆಗಲೇ ಆಫ್ ಆಗಿರಬೇಕು. ಡೀಸೆಲ್ ಗಾಡಿಯ ನಡುಕ ಟೆಲಿ ಲೆನ್ಸಿನಲ್ಲಿ ಹತ್ತು ಪಟ್ಟಾಗಿ ಕಾಣುತ್ತದೆ. ಶಟರ್ 1/1000 ಸೆಕೆಂಡು, ಅಪರ್ಚರ್ (ಲೆನ್ಸಿನ ಬಾಯಿಯ ಅಗಲ) ಎಫ್ 5.6ರಿಂದ 8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಚುರುಕು) ಆಟೋದಲ್ಲಿ. ಬೆಳಿಗ್ಗೆ ಆರೂವರೆಯ ಮಂದ ಬೆಳಕಿನಲ್ಲಿ ಐಎಸ್‌ಒ 3200, 6400 ಹೋದರೂ ಹೋಗಲಿ. ಕಾಳುಕಾಳಾದ ಚಿತ್ರದಲ್ಲಿ ಚುಕ್ಕೆ ಎಣಿಸಬಹುದು, ಅಲುಗಿದ ಚಿತ್ರದಲ್ಲಿ ಆಗದು. ಫೋಕಸ್ ಒಂದೇ ಸಣ್ಣ ಬಿಂದುವಿನದ್ದು, ಅದು ಭುಜದ ಮೇಲೆ. ಪ್ರಾಣಿಯ ಕಣ್ಣು ಹುಡುಕುವ ಹೊಸ ಕ್ಯಾಮೆರಾಗಳು ಬಯಲಿನಲ್ಲಿ ಚೆನ್ನಾಗಿಯೇ ಹಿಡಿಯುತ್ತವೆ. ಮೊಣಕಾಲೆತ್ತರದ ಹುಲ್ಲು ಅಡ್ಡ ಬಂದರೆ ಹುಲ್ಲಿಗೇ ಫೋಕಸ್ ಮಾಡಿ ಕೂರುತ್ತವೆ.

ಹೆಚ್ಚಿನವರು ತಪ್ಪುವುದು ಝೂಮಿನಲ್ಲಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ 400 ಎಂಎಂ ಲೆನ್ಸ್ ಹಾಕಿದರೆ 20 ಮೀಟರ್ ದೂರದಲ್ಲಿ ಅದು ಹಿಡಿಯುವ ಅಗಲ ಸುಮಾರು 1.8 ಮೀಟರ್. ಮೂಗಿನಿಂದ ಬಾಲದ ತುದಿಯವರೆಗೆ ಬೆಳೆದ ಚೀತಾ ಎರಡು ಮೀಟರ್ ಬರುತ್ತದೆ. ಬಾಲ ಕತ್ತರಿಸಿತು. ಬಾಲದ ಕೊನೆಯ ಕಪ್ಪು ಉಂಗುರಗಳೂ ಗುರುತಿನ ಭಾಗ, ಆದ್ದರಿಂದ 300ಕ್ಕೆ ಹಿಂದೆಳೆಯಿರಿ. ಪ್ರಾಣಿ ನಿಮ್ಮ ಎದುರಿಗೆ ನೇರ ಅಡ್ಡಕ್ಕೆ ಬಂದ ಕ್ಷಣ ಮೂರು ನಾಲ್ಕು ಫ್ರೇಮ್ ಒತ್ತಿ. ಓರೆಯಾದಷ್ಟೂ ಚುಕ್ಕೆಗಳು ಒಂದರೊಳಗೊಂದು ಸೇರಿಕೊಂಡು ತಂತ್ರಾಂಶಕ್ಕೆ ಬೇರೆಯದೇ ಪ್ರಾಣಿಯಾಗಿ ಕಾಣುತ್ತವೆ. ಅದು ನಿಂತು ನಿಮ್ಮತ್ತ ತಿರುಗಿದರೆ ಆಗ ಆ ಮುಖದ ಚಿತ್ರವನ್ನೂ ತೆಗೆದುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಇನ್ನೊಂದು ಬದಿ ಸಿಗಲಿಲ್ಲವೆಂದು ಗಾಡಿಯನ್ನು ಅದರ ದಾರಿಗೆ ಅಡ್ಡ ಹಾಕಿಸುವುದು ಮಾತ್ರ ಕೂಡದು. ಬೇಟೆಗೆ ಹೊರಟ ಚೀತಾದ ಒಂದು ಓಟ ಕೆಡಿಸಿದರೆ ಅದರ ಆ ಹೊತ್ತಿನ ಊಟ ಹೋಯಿತು. ಮರಿ ಇದ್ದರೆ ಅವುಗಳದ್ದೂ.

ಚಿತ್ರಕ್ಕಿಂತ ಮೊದಲು ಸರಿಯಾಗಬೇಕಾದ್ದು ಕ್ಯಾಮೆರಾದ ಗಡಿಯಾರ. ಕೆನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ, ನಮೀಬಿಯಾ, ದಕ್ಷಿಣ ಆಫ್ರಿಕಾ ಮೂರೂವರೆ ಗಂಟೆ ಹಿಂದೆ. ಫೋನು ತಾನೇ ಬದಲಾಗುತ್ತದೆ, ಕ್ಯಾಮೆರಾ ಮಂಗಳೂರಿನಲ್ಲೇ ಉಳಿಯುತ್ತದೆ. ಕೆನ್ಯಾದಲ್ಲಿ ಬೆಳಿಗ್ಗೆ 6.30ಕ್ಕೆ ಕಂಡ ಪ್ರಾಣಿ 9 ಗಂಟೆಯದ್ದಾಗಿ ದಾಖಲಾಗುತ್ತದೆ; ಪಕ್ಕದ ಗಾಡಿಯವರ ಚಿತ್ರದ ಜೊತೆ, ಜಿಪಿಎಸ್ ದಾರಿಯ ಜೊತೆ ಯಾವುದೂ ಹೊಂದುವುದಿಲ್ಲ. ಇದಕ್ಕೊಂದು ಸುಲಭದ ಉಪಾಯ: ಪ್ರತಿ ದಿನ ಹೊರಡುವಾಗ ಮೊದಲ ಚಿತ್ರವಾಗಿ ಜಿಪಿಎಸ್ ಪರದೆಯನ್ನೇ, ಸೆಕೆಂಡು ಕಾಣುವ ಹಾಗೆ, ತೆಗೆಯುವುದು. ಗಡಿಯಾರ ತಪ್ಪಿದ್ದರೂ ಎಷ್ಟು ತಪ್ಪಿದೆ ಎಂಬುದು ಆ ಒಂದು ಚಿತ್ರದಲ್ಲಿ ಉಳಿಯುತ್ತದೆ, ಸಂಜೆ ಎಲ್ಲ ಫೈಲುಗಳನ್ನೂ ಒಟ್ಟಿಗೆ ಸರಿಸಬಹುದು.

ಇನ್ನೊಂದು ಅಭ್ಯಾಸ ಅಂಗೈ. ಒಂದು ಹಿಂಡು ಮುಗಿದು ಇನ್ನೊಂದಕ್ಕೆ ಹೋಗುವಾಗ ನಡುವೆ ನಿಮ್ಮದೇ ಅಂಗೈಯ ಒಂದು ಚಿತ್ರ. ಸಂಜೆ 600 ಜೀಬ್ರಾ ಚಿತ್ರ ನೋಡಿ ಕಣ್ಣು ಮಂಜಾದಾಗ, ಒಂದು ಗುಂಪು ಎಲ್ಲಿ ಮುಗಿಯಿತು ಎಂದು ಹೇಳುವುದು ಆ ಅಂಗೈ ಒಂದೇ. ಸ್ಥಳದಲ್ಲೇ ಚಿತ್ರ ಅಳಿಸುವ ಚಟ ಬಿಡಬೇಕು. ಫ್ರೇಮಿನ ಸಂಖ್ಯೆ ನಡುವೆ ತಪ್ಪಿದರೆ ಪುಸ್ತಕದಲ್ಲಿ ಬರೆದ ಸಾಲಿಗೂ ಕಾರ್ಡಿಗೂ ತಾಳೆಯಾಗದು, ಮೇಲಾಗಿ ನಿಮಗೆ ಕೆಟ್ಟದ್ದಾಗಿ ಕಂಡ ಚಿತ್ರದ ಹಿನ್ನೆಲೆಯಲ್ಲಿ ಎರಡನೇ ಪ್ರಾಣಿಯ ಕಿವಿ ಸ್ಪಷ್ಟವಾಗಿ ಬಿದ್ದಿರಬಹುದು.

ಬೆಳಿಗ್ಗೆ ಒಂಬತ್ತೂವರೆ, ಹತ್ತರ ನಂತರ ದೂರದ ಚಿತ್ರಕ್ಕೆ ಆಸೆ ಪಡಬೇಡಿ. ಕಾದ ನೆಲದಿಂದ ಏಳುವ ಗಾಳಿ ಲೆನ್ಸಿಗೂ ಪ್ರಾಣಿಗೂ ನಡುವೆ ನೀರಿನಂತೆ ಅಲುಗುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನ ಹೆದ್ದಾರಿಯ ಡಾಮರಿನ ಮೇಲೆ ಕಾಣುವ ಬಿಸಿಲ್ಗುದುರೆಯೇ ಅದು. ಎಷ್ಟು ದುಬಾರಿ ಲೆನ್ಸ್ ಹಾಕಿದರೂ, ಶಟರ್ ಎಷ್ಟು ಏರಿಸಿದರೂ ಪಟ್ಟೆಯ ಅಂಚು ಕರಗಿದ ಹಾಗೆಯೇ ಬರುತ್ತದೆ. ತುಂಬಾ ಜನ ಇದನ್ನು ಲೆನ್ಸಿನ ದೋಷ ಅಂದುಕೊಂಡು ಸರ್ವಿಸಿಗೆ ಕೊಡುತ್ತಾರೆ. ಮದ್ದು ಒಂದೇ, ಹತ್ತಿರ ಹೋಗುವುದು ಅಥವಾ ನಾಲ್ಕು ಗಂಟೆಯವರೆಗೆ ಕಾಯುವುದು. ಸಮಭಾಜಕದ ಹತ್ತಿರ ವರ್ಷವಿಡೀ ಆರೂವರೆಯ ಆಸುಪಾಸಿನಲ್ಲಿ ಸೂರ್ಯ ಮುಳುಗುತ್ತಾನೆ, ಮುಳುಗಿದ ಕೂಡಲೇ ಕತ್ತಲೆ. ಸಂಜೆಯ ಕೆಲಸಕ್ಕೆ ಎರಡೂವರೆ ಗಂಟೆ ಸಿಕ್ಕಿದರೆ ಹೆಚ್ಚು.

ಜೀಪಿನ ಕಿಟಕಿಯ ಮೇಲೆ ಟ್ರೈಪಾಡ್ ನಿಲ್ಲದು, ಅಲ್ಲಿ ಬೇಕಾದ್ದು ಬೀನ್ ಬ್ಯಾಗ್. ದುಡ್ಡು ಕೊಟ್ಟು ತರಬೇಕಾಗಿಲ್ಲ. ಹಳೆ ಜೀನ್ಸ್ ಪ್ಯಾಂಟಿನ ಕಾಲನ್ನು ಮೊಣಕಾಲಿನ ಕೆಳಗೆ 35 ಸೆಂಟಿಮೀಟರ್ ಉದ್ದ ಕತ್ತರಿಸಿ, ಒಂದು ಬಾಯಿ ಹೊಲಿದು, ಇನ್ನೊಂದಕ್ಕೆ ಜಿಪ್ ಹಾಕಿಸಿದರೆ ಆಯಿತು. ಒಳಗೆ ಇನ್ನೊಂದು ತೆಳು ಬಟ್ಟೆಯ ಚೀಲ. ಹೋಗುವಾಗ ಖಾಲಿ ಒಯ್ಯಿರಿ, ಅಲ್ಲಿನ ಅಂಗಡಿಯಲ್ಲಿ ಎರಡು ಕಿಲೋ ಅಕ್ಕಿಯೋ ಬೀನ್ಸ್ ಕಾಳೋ ತೆಗೆದು ತುಂಬಿಸಿ. ಕುಚ್ಚಲಕ್ಕಿಯ ದಪ್ಪ ಕಾಳು ಇದಕ್ಕೆ ಹೇಳಿ ಮಾಡಿಸಿದ್ದು ನಿಜ, ಆದರೆ ಇಲ್ಲಿಂದ ಕಟ್ಟಿಕೊಂಡು ಹೋಗಬೇಡಿ. ಧಾನ್ಯ ಒಳಗೆ ಬಿಡದ ದೇಶಗಳು ಬಹಳ. ಮೂರರಲ್ಲಿ ಎರಡು ಭಾಗ ಮಾತ್ರ ತುಂಬಬೇಕು. ಪೂರ್ತಿ ತುಂಬಿದರೆ ಚೀಲ ಚೆಂಡಿನಂತಾಗಿ ಲೆನ್ಸ್ ಉರುಳುತ್ತದೆ, ಸ್ವಲ್ಪ ಸಡಿಲ ಇದ್ದರೆ ಲೆನ್ಸ್ ತಾನೇ ಗುಳಿ ಮಾಡಿಕೊಂಡು ಕೂರುತ್ತದೆ.

ರಾತ್ರಿಯ ಪ್ರಾಣಿಗಳಿಗೆ ಕ್ಯಾಮೆರಾ ಟ್ರ್ಯಾಪ್. ಸ್ವಯಂಸೇವಕರ ಕೈಗೆ ಬರುವ ಕೆಲಸದಲ್ಲಿ ಹೆಚ್ಚಿನ ಪಾಲು ಇದೇ, ಫೋಟೋಗ್ರಫಿ ಎಂದು ಯಾರಿಗೂ ಅನಿಸದ ಕೆಲಸ. ಚಿರತೆಯ ದಾರಿಯ ಎರಡೂ ಬದಿಗೆ ಒಂದೊಂದು, ನೆಲದಿಂದ 40ರಿಂದ 50 ಸೆಂಟಿಮೀಟರ್ ಎತ್ತರ, ದಾರಿಯ ನಡುವಿನಿಂದ ಮೂರು ನಾಲ್ಕು ಮೀಟರ್ ದೂರ. ಎರಡೂ ಮುಖಾಮುಖಿ ಇರಬಾರದು, ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಹೊಡೆದು ಎರಡು ಚಿತ್ರವೂ ಬಿಳಿಚಿಕೊಳ್ಳುತ್ತವೆ. ಸ್ವಲ್ಪ ಹಿಂದೆ ಮುಂದೆ ಮಾಡಿ ಕಟ್ಟಬೇಕು. ಪೂರ್ವಕ್ಕೋ ಪಶ್ಚಿಮಕ್ಕೋ ನೇರ ಮುಖ ಮಾಡಿದರೆ ಸೂರ್ಯನೇ ನೂರು ಸಲ ಕ್ಲಿಕ್ ಮಾಡಿಸುತ್ತಾನೆ. ಎದುರಿನ ಹುಲ್ಲು ಕೊಯ್ಯದೆ ಬಂದರೆ ಗಾಳಿಗೆ ಆಡುವ ಹುಲ್ಲಿನ ಸಾವಿರ ಚಿತ್ರದಿಂದ ಕಾರ್ಡ್ ತುಂಬಿ, ಬ್ಯಾಟರಿ ಮುಗಿದು, ಚಿರತೆ ಬಂದ ರಾತ್ರಿ ಪೆಟ್ಟಿಗೆ ಸತ್ತಿರುತ್ತದೆ. ಈ ಪೆಟ್ಟಿಗೆಯ ಕಣ್ಣು ನೋಡುವುದು ಶಾಖದ ವ್ಯತ್ಯಾಸವನ್ನು. ಹೊರಗಿನ ಬಿಸಿ ಪ್ರಾಣಿಯ ಮೈ ಬಿಸಿಯ ಹತ್ತಿರ ಬರುವ ಮಧ್ಯಾಹ್ನ ಅದಕ್ಕೆ ಅರೆಕುರುಡು, ಆಗ ಏನೂ ಬೀಳಲಿಲ್ಲವೆಂದರೆ ಪ್ರಾಣಿ ಬರಲಿಲ್ಲ ಎಂದಲ್ಲ. ಕಟ್ಟಿ ಮುಗಿದ ಮೇಲೆ ಜಾಗದ ಸಂಖ್ಯೆ, ದಿನಾಂಕ ಬರೆದ ಹಲಗೆ ಹಿಡಿದು ಎದುರಿನಲ್ಲಿ ಒಮ್ಮೆ ತೆವಳಿ ಹೋಗಿ. ಹೌದು, ತೆವಳಿಯೇ. ನಿಂತು ನಡೆದರೆ ಎರಡೂವರೆ ಅಡಿ ಎತ್ತರದ ಪ್ರಾಣಿಗೆ ಅದು ಕ್ಲಿಕ್ ಆಗುತ್ತದೋ ಇಲ್ಲವೋ ತಿಳಿಯುವುದಿಲ್ಲ. ಕತ್ತೆಕಿರುಬ ಪಟ್ಟಿ ಕಡಿಯುವುದು, ಆನೆ ಪೆಟ್ಟಿಗೆಯನ್ನೇ ಕಿತ್ತು ಬಿಸಾಡುವುದು, ಒಳಗೆ ಇರುವೆ ಗೂಡು ಕಟ್ಟುವುದು, ಇವೆಲ್ಲ ಬಾಡಿಗೆಯಂತೆ ಕೊಡಲೇಬೇಕು.

ಅಭ್ಯಾಸಕ್ಕೆ ಕಾಡೇ ಬೇಕೆಂದಿಲ್ಲ. ಮಂಗಳೂರು ದಕ್ಕೆಯಲ್ಲಿ, ಮಲ್ಪೆ ಬಂದರಿನಲ್ಲಿ ಮೀನಿಗೆ ಎರಗುವ ಗರುಡ ಮತ್ತು ಹದ್ದುಗಳು ಬೆಳಿಗ್ಗೆಯಿಡೀ ಸಿಗುತ್ತವೆ. 1/2000ರಲ್ಲಿ ರೆಕ್ಕೆಯ ಗರಿ ಗರಿ ಬಿಡಿಸಿ ಬರುವವರೆಗೆ ತೆಗೆಯಿರಿ. ಗದ್ದೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಬರುವ ಬೆಳ್ಳಕ್ಕಿಯ ಬಿಳಿ ಸುಟ್ಟು ಹೋಗದಂತೆ ಎಕ್ಸ್‌ಪೋಷರನ್ನು 0.7ರಿಂದ 1ರಷ್ಟು ಇಳಿಸಲು ಕಲಿತವರಿಗೆ ಆಫ್ರಿಕಾದ ಕೊಕ್ಕರೆ ಕಷ್ಟವಲ್ಲ. ಕಂಬಳದ ಕೋಣ ಓಟಗಾರ ಪ್ರಾಣಿಗೆ ಒಳ್ಳೆಯ ಗುರು. ಕರೆಯ (ಕೋಣ ಓಡುವ ಕೆಸರು ದಾರಿಯ) ಬದಿಯಲ್ಲಿ ನಿಂತರೆ ಸಿಗುವುದು ನೇರ ಪಕ್ಕೆಯೇ. ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಬೀದಿಯ ದನ. ನಿಮ್ಮ ಬೈಲಿನಲ್ಲಿ ಅಲೆಯುವ ಮಚ್ಚೆಯ ದನಗಳ ಎಡ, ಬಲ ಎರಡೂ ಬದಿ ಒಂದು ವಾರ ತೆಗೆದು, ಕಡತ ಮಾಡಿ, ಒಟ್ಟು ಎಷ್ಟು ದನ ಎಂದು ಹೇಳಿ ನೋಡಿ. ಆಮೇಲೆ ಹಾಲಿನ ಸೊಸೈಟಿಯವರ ಹತ್ತಿರ ಕೇಳಿ. ಆ ಎರಡು ಸಂಖ್ಯೆಗಳ ನಡುವಿನ ಅಂತರವೇ ನಿಮಗೆ ಬೇಕಾದ ಪಾಠ. ಅಳಿವೆಬಾಗಿಲ ಡಾಲ್ಫಿನ್ನುಗಳನ್ನು ಬೆಂಗ್ರೆ ಕಡೆಯಿಂದ ಹಿಡಿಯುವುದು ಇದಕ್ಕಿಂತ ಒಂದು ಮೆಟ್ಟಿಲು ಮೇಲೆ: ಬೆನ್ನಿನ ಈಜುರೆಕ್ಕೆ ನೀರಿನ ಮೇಲೆ ಕಾಣುವುದೇ ಒಂದೆರಡು ಸೆಕೆಂಡು, ಅದೂ ಅಡ್ಡಕ್ಕೆ ಬಂದಾಗ ಮಾತ್ರ ಉಪಯೋಗ. ಕುದುರೆಮುಖಕ್ಕೋ ಸೋಮೇಶ್ವರ ಅಭಯಾರಣ್ಯಕ್ಕೋ ಹೋಗಿ ನಾವೇ ಒಂದು ಕ್ಯಾಮೆರಾ ಟ್ರ್ಯಾಪ್ ಕಟ್ಟಿ ನೋಡುವ ಅಂತ ಮಾತ್ರ ಹೊರಡಬೇಡಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದು ಕೇಸು.

ಯಾವ ಶಿಬಿರಕ್ಕೆ ಹೋಗಬೇಕೆಂದು ಆರಿಸುವಾಗ ಅವರ ಜಾಹೀರಾತಿನ ಚಿತ್ರಗಳನ್ನೇ ನೋಡಿ. ಸ್ವಯಂಸೇವಕರ ಮಡಿಲಲ್ಲಿ ಸಿಂಹದ ಮರಿ, ಬಾಯಲ್ಲಿ ಹಾಲಿನ ಬಾಟಲಿ ಇದ್ದರೆ ಅಲ್ಲಿಗೆ ನಿಲ್ಲಿಸಿ. ಮುಟ್ಟಿಸಿಕೊಂಡು ಬೆಳೆದ ಸಿಂಹ ಕಾಡಿಗೆ ಹೋಗುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಅಂಥ ಮರಿಗಳಲ್ಲಿ ಎಷ್ಟೋ ಬೆಳೆದ ಮೇಲೆ ಬೇಲಿಯೊಳಗಿನ ಬೇಟೆಗೆ ಸೇರಿದ್ದುಂಟು. ಸಾಕಣೆಯ ಸಿಂಹಗಳ ಈ ವ್ಯವಹಾರವನ್ನು ಮುಚ್ಚುವುದಾಗಿ ಅಲ್ಲಿನ ಸರ್ಕಾರವೇ 2021ರಲ್ಲಿ ಹೇಳಿತು. ಮಂಗ, ಗೊರಿಲ್ಲಾಗಳ ಚಿತ್ರಕ್ಕೆ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಘಟನೆ ಐಯುಸಿಎನ್‌ನ ತಜ್ಞರ ಗುಂಪು ಅದೇ ವರ್ಷ ಸೂಚನೆ ಕೊಟ್ಟಿದೆ: ಮನುಷ್ಯ ಒಟ್ಟಿಗೆ ಇರುವ ಚಿತ್ರವಾದರೆ ಕನಿಷ್ಠ ಏಳು ಮೀಟರ್ ಅಂತರ, ಮುಖಕ್ಕೆ ಮಾಸ್ಕ್, ಅಪ್ಪಿಕೊಳ್ಳುವುದು ಇಲ್ಲವೇ ಇಲ್ಲ. ಕೋಸ್ಟರಿಕಾದ ಟೋರ್ಟುಗೆರೋದಲ್ಲಿ ಮೊಟ್ಟೆ ಇಡಲು ಬರುವ ಕಡಲಾಮೆಗಳನ್ನು ರಾತ್ರಿ ನೋಡಲು ಹೋದವರು ಕ್ಯಾಮೆರಾವನ್ನೇ ಒಯ್ಯುವ ಹಾಗಿಲ್ಲ. ಇದೇ ನಿಯಮವನ್ನು ಸಸಿಹಿತ್ಲು, ತಣ್ಣೀರುಬಾವಿ ಕಡಲತೀರದಲ್ಲಿ ನಾವೂ ಇಟ್ಟುಕೊಂಡರೆ ತಪ್ಪೇನಿಲ್ಲ. ಫ್ಲ್ಯಾಶಿಗೆ ಬೆದರಿದ ಆಮೆ ಮೊಟ್ಟೆ ಇಡದೆ ಕಡಲಿಗೆ ತಿರುಗುವುದುಂಟು.

ಘೇಂಡಾಮೃಗದ ಚಿತ್ರವನ್ನು ಅದೇ ದಿನ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಬೇಡಿ. ಫೋನಿನ ಫೈಲಿನಲ್ಲಿ ಜಾಗದ ಅಕ್ಷಾಂಶ, ರೇಖಾಂಶ ಅಡಗಿರುತ್ತದೆ, ಅದನ್ನು ತೆಗೆದರೂ ಹಿನ್ನೆಲೆಯ ಗುಡ್ಡದ ಗೆರೆ, ದಾರಿಯ ಫಲಕ ಉಳಿಯುತ್ತದೆ. ಕೊಂಬಿನ ಕಳ್ಳರಿಗೆ ಅಷ್ಟು ಸಾಕು.

ಸಾಮಾನಿನ ವಿಷಯ ಬೇಗ ಮುಗಿಸುವ. ಮಂಗಳೂರಿನಿಂದ ನೇರ ವಿಮಾನ ಇಲ್ಲ, ದುಬೈಯೋ ಮುಂಬೈಯೋ ಬೆಂಗಳೂರೋ ದಾಟಬೇಕು. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ, ತುದಿಗಳಿಗೆ ಟೇಪ್ ಹಚ್ಚಿ. ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿರಲಿ. ಕೆನ್ಯಾ, ತಾಂಜಾನಿಯಾ, ಉಗಾಂಡದ ಪ್ಲಗ್ಗಿಗೆ ಅಡಾಪ್ಟರ್ ಕೊಳ್ಳುವ ಮೊದಲು ಗಲ್ಫಿನಲ್ಲಿರುವ ನೆಂಟರ ಮನೆಯಲ್ಲಿ ಕೇಳಿ. ಅದೇ ಚೌಕ ಪಿನ್ನಿನ ಪ್ಲಗ್, ಒಂದಾದರೂ ಕಪಾಟಿನಲ್ಲಿ ಬಿದ್ದಿರುತ್ತದೆ. ದಕ್ಷಿಣ ಆಫ್ರಿಕಾದ ಹಳೆ ಸಾಕೆಟ್ಟಿಗೆ ನಮ್ಮ ಗೀಸರಿನ ದೊಡ್ಡ ಮೂರು ಪಿನ್ನಿನ ಪ್ಲಗ್ ಸರಿಯಾಗಿ ಕೂರುತ್ತದೆ. ದುಬಾರಿ ಲೆನ್ಸ್ ಒಯ್ಯುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ ಸೀರಿಯಲ್ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ, ಬರುವಾಗ ಇದು ಅಲ್ಲಿ ಕೊಂಡದ್ದಲ್ಲ ಎಂದು ವಾದಿಸುವ ಕೆಲಸ ಇಲ್ಲ. ಕೆನ್ಯಾ, ಉಗಾಂಡಕ್ಕೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದನ್ನು ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಳ್ಳಬೇಕು. ಕಾರ್ಡ್ ಇಲ್ಲದೆ ವಾಪಸು ಬಂದರೆ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಕೂರಿಸುವ ಅಧಿಕಾರ ನಮ್ಮವರಿಗೆ ಉಂಟು. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ನೀಲಿ, ಕಪ್ಪಿಗೆ ಕಚ್ಚುವ ಸೆಟ್ಸಿ ನೊಣ ಮುತ್ತುತ್ತದೆ. ಮಿಲಿಟರಿ ಚಿತ್ತಾರದ ಚಡ್ಡಿ ಮನೆಯಲ್ಲೇ ಇರಲಿ. ಉಗಾಂಡ, ಜಾಂಬಿಯಾ, ಜಿಂಬಾಬ್ವೆಗಳಲ್ಲಿ ನಾಗರಿಕರು ಅದನ್ನು ತೊಡುವುದು ಅಪರಾಧ.

ಬೇಸಿಗೆ ಮುಗಿಸಿ ಜೂನಿನಲ್ಲಿ ಬಜ್ಪೆಯಲ್ಲಿ ಇಳಿದಾಗ ಇನ್ನೊಂದು ಗಂಡಾಂತರ ಕಾದಿರುತ್ತದೆ. ಲೆನ್ಸಿನ ಸಂದಿಯಲ್ಲಿ ನಮೀಬಿಯಾದ ಎಟೋಶಾದ ಬಿಳಿ ಧೂಳು, ಹೊರಗೆ ನಮ್ಮ ಮಳೆಗಾಲದ ತೇವ. ಧೂಳನ್ನು ಬಟ್ಟೆಯಲ್ಲಿ ಒರೆಸಬಾರದು. ಪಣಂಬೂರಿನ ಹೊಯ್ಗೆ ಹತ್ತಿದ ಕಾರಿನ ಗಾಜನ್ನು ಒಣ ಬಟ್ಟೆಯಲ್ಲಿ ಉಜ್ಜಿದ ಹಾಗಾಗುತ್ತದೆ. ಮೊದಲು ರಬ್ಬರ್ ಬ್ಲೋವರಿನ ಗಾಳಿ, ಆಮೇಲೆ ಮೆತ್ತಗಿನ ಬ್ರಷ್, ಕೊನೆಗೆ ಬಟ್ಟೆ. ಬಾಯಿಯಿಂದ ಊದಿದರೆ ಉಗುಳಿನ ಹನಿ ಹೋಗುತ್ತದೆ, ಫಂಗಸ್ಸಿಗೆ ಅದೇ ಬಿತ್ತನೆ. ಎಸಿ ಕೋಣೆಯಿಂದ ಹೊರತರುವಾಗ ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಮುಚ್ಚಿ ಅರ್ಧ ಮುಕ್ಕಾಲು ಗಂಟೆ ಬಿಡಿ, ಹನಿ ಕಟ್ಟುವುದು ಕವರಿನ ಮೇಲೆ, ಗಾಜಿನ ಮೇಲಲ್ಲ.

ಇಡುವುದಕ್ಕೆ ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ 40ರಿಂದ 45 ಶೇಕಡಾಕ್ಕೆ ಇಡಿ. 30ಕ್ಕಿಂತ ಕೆಳಗಿಳಿಸಿದರೆ ಒಳಗಿನ ಎಣ್ಣೆ, ರಬ್ಬರು ಒಣಗುತ್ತದೆ. ಇಲ್ಲದವರು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಾಲು ಕಿಲೋ ಸಿಲಿಕಾ ಜೆಲ್ (ತೇವ ಹೀರುವ ಕಾಳು), ಒಂದು ಸಣ್ಣ ತೇವಮಾಪಕ. ಜೆಲ್ ಕಿತ್ತಳೆ ಬಣ್ಣದ್ದೇ ತನ್ನಿ, ಅದು ಹಸಿರಾದಾಗ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ನೀಲಿಯದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಮನೆಗೆ ತರುವಂಥದ್ದಲ್ಲ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಹಳೆ ಉಪಾಯ ಬೇಡ, ತೌಡಿನ ಹುಡಿ ಲೆನ್ಸಿನೊಳಗೆ ಹೋಗುತ್ತದೆ.

ಕಾರ್ಡನ್ನು ಮಾತ್ರ ಫಾರ್ಮ್ಯಾಟ್ ಮಾಡಲು ಅವಸರ ಬೇಡ. ಶಿಬಿರಕ್ಕೆ ಕೊಟ್ಟ ಪ್ರತಿ ಅಲ್ಲಿ ತೆರೆಯುತ್ತದೆ ಎಂದು ಅವರಿಂದ ಉತ್ತರ ಬರಲಿ, ಮನೆಯಲ್ಲಿ ಎರಡು ಬೇರೆ ಡಿಸ್ಕಿಗೆ ಇಳಿಯಲಿ. ಕತ್ತರಿಸಿ, ಬಣ್ಣ ತಿದ್ದಿ ಇನ್‌ಸ್ಟಾಗ್ರಾಮಿಗೆ ಹಾಕಿದ್ದಲ್ಲ, ಮೂಲ ಫೈಲುಗಳು, ಅಂಗೈಯ ಚಿತ್ರಗಳೂ ಸೇರಿ. ಎಡಬದಿ ಮಾತ್ರ ಸಿಕ್ಕ ಚೀತಾದ ಕಡತದಲ್ಲಿ ಬಲಬದಿಯ ಚೌಕ ಖಾಲಿ ಇರುತ್ತದೆ, ಮುಂದಿನ ವರ್ಷ ಬೇರೆ ಯಾರೋ ತೆಗೆದ ಚಿತ್ರದಿಂದ ಅದು ತುಂಬಿದಾಗ ಅವರು ಮತ್ತೆ ಕೇಳುವುದು ನಿಮ್ಮ ಆ ಮೂಲವನ್ನೇ.